ಪಡಸಾಲೆಯಲ್ಲಿ ಬಿಚ್ಚಿಟ್ಟ ಎಂಜಿನ್ನು

ಜಮಖಂಡಿಯ ನನ್ನ ಗಿರಣಿಗೆ ಬೀಸಿಸಲು ಬಂದವರು ತಮ್ಮ ಪಾಳಿ ಬರುವವರೆಗೆ ಸುಮ್ಮನೆ ಕೂಡುವುದಿಲ್ಲ, ಏನಾದರೊಂದು ಕೇಳುತ್ತಾರೆ. ಹಳೆಯ ಮೋಟಾರು ಕೊಳ್ಳಲೋ ಬೇಡವೋ, ಖಾರ ಕುಟ್ಟುವ ಮಷೀನಿಗೆ ಹೇಳಿದ ಬೆಲೆಯಲ್ಲಿ ಎಷ್ಟು ಇಳಿಸಿ ಕೇಳಬೇಕು, ಇಂಥವೇ. ಹಳೆಯ ಯಂತ್ರದ ವ್ಯವಹಾರದಲ್ಲಿ ಕಸ್ತೂರಕ್ಕನಿಗೆ ಟೋಪಿ ಹಾಕುವುದು ಆಗದ ಮಾತು ಎಂದು ಈ ಕಡೆಯ ಜನ ನಂಬಿದ್ದಾರೆ. ನಾನೂ ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ. ಕೇಳದಿದ್ದರೂ ಸಲಹೆ ಕೊಡುವ ಚಟ ನನ್ನದು. ಮೊನ್ನೆ ಸಾವಳಗಿಯ ಒಬ್ಬರು ಬಂದಿದ್ದರು. ಅವರ ವ್ಯಾನಿನ ಎಂಜಿನ್ ಕೂತುಬಿಟ್ಟಿದೆಯಂತೆ. ಯಾರೋ ಕಟ್ಟಿಟ್ಟ ರೆಡಿ ಎಂಜಿನ್ ತಂದು ಕೂಡಿಸುವುದು ಮೇಲೋ, ಇದ್ದದ್ದನ್ನೇ ಬಿಚ್ಚಿ ಹೊಸದಾಗಿ ಕಟ್ಟುವುದು ಮೇಲೋ ಎಂಬುದು ಅವರ ಪ್ರಶ್ನೆ. ಅವರಿಗೇ ಬಿಚ್ಚುವ ಮನಸ್ಸಿದ್ದಂತೆ ಕಂಡಿತು.

"ಬಿಚ್ಚಿದ ಮ್ಯಾಲ ಸಾಮಾನ ಎಲ್ಲಿ ಇಡಾವ್ರು?" ಎಂದೆ.

"ಎಲ್ಲಿ ಅಂದ್ರ, ಮನ್ಯಾಗ್ರಿ ಅಕ್ಕಾರ. ಪಡಸಾಲಿ ದೊಡ್ಡದೈತಿ."

"ಗಾಡಿ ನಿಮ್ಮೊಬ್ಬರದೋ, ಅಣ್ತಮ್ಮರು ಕೂಡಿ ತಗೊಂಡಿದ್ದೋ?"

"ತಮ್ಮಂದೂ ಪಾಲೈತ್ರಿ."

"ಹಂಗಾರ ಪಡಸಾಲಿ ಬ್ಯಾಡ್ರಿ. ಗಿಡದ ಬುಡಕ ಬಿಚ್ಚರಿ, ಬಸ್ ಸ್ಟ್ಯಾಂಡಿನ್ಯಾಗ ಬೇಕಾರ ಬಿಚ್ಚರಿ. ಪಡಸಾಲ್ಯಾಗ ಮಾತ್ರ ಬ್ಯಾಡ."

ಅವರು ನಕ್ಕರು. ನಾನು ನಗಲಿಲ್ಲ.

ನಮ್ಮ ಮನೆ ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಊರು ಮುಗಿದು ಕಬ್ಬು ಶುರುವಾಗುವಲ್ಲಿ ಇತ್ತು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಕಾಲಿಟ್ಟರೆ ಎಡಕ್ಕೆ ಕುರಿ ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಜಗಲಿಯ ಮೇಲಿನ ಗೂಟಕ್ಕೆ ನಮ್ಮ ಮನೆದೇವರು ಬೀರಪ್ಪನ ಭಂಡಾರದ ಚೀಲ ತೂಗುತ್ತಿತ್ತು. ಭಂಡಾರವೆಂದರೆ ಅರಿಷಿಣದ ಪುಡಿಯೇ, ಆದರೆ ನನ್ನ ಅಜ್ಜಿಯ ಎದುರು ಹಾಗೆ ಅನ್ನುವಂತಿರಲಿಲ್ಲ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಕುರಿ ಕಾಯುವ ಮನೆತನ ನಮ್ಮದು. ಅಜ್ಜ ತೀರಿಕೊಂಡ ಮೇಲೆ ಅಪ್ಪನೂ ಕಾಕಾನೂ ಹಿಂಡು ಮಾರಿ, ಕೂಡಿ ಒಂದು ವ್ಯಾನು ತಂದರು. ನಾಲ್ಕಾರು ಕುರಿಗಳನ್ನು ಮಾತ್ರ ಆಯಿಯ ಸಮಾಧಾನಕ್ಕೆಂದು ಇಟ್ಟುಕೊಂಡಿದ್ದೆವು. ಅಪ್ಪ ವ್ಯಾನು ಓಡಿಸುತ್ತಿದ್ದ, ಸಿದ್ದಪ್ಪ ಕಾಕಾ ಬಾಡಿಗೆ ಹಿಡಿಯುತ್ತಿದ್ದ. ಬನಹಟ್ಟಿಯ ನೇಕಾರರ ಮನೆಗಳಿಂದ ಸೀರೆಯ ಗಂಟು ಹೇರಿಕೊಂಡು ಬೇರೆ ಊರಿನ ಅಂಗಡಿಗಳಿಗೆ ಮುಟ್ಟಿಸುವುದು ಕಾಯಂ ಕೆಲಸ. ಉಳಿದ ದಿನ ಬೆಲ್ಲ, ಕುರಿ, ಮದುವೆಯ ಮಂದಿ, ಏನು ಸಿಕ್ಕರೆ ಅದು.

ಆ ಮನೆಯಲ್ಲಿ ಬದುಕು ನಡೆಯುತ್ತಿದ್ದದ್ದೆಲ್ಲ ಪಡಸಾಲೆಯಲ್ಲಿ. ಶೇಂಗಾ ಸುಲಿಯುವುದು ಅಲ್ಲಿ, ಹಿಟ್ಟು ಜರಡಿ ಹಿಡಿಯುವುದು ಅಲ್ಲಿ, ಬೀಗರು ಬಂದರೆ ಕೂಡಿಸುವುದು ಅಲ್ಲಿ, ಕತ್ತಲಾದ ಮೇಲೆ ಕಂಬಳಿ ಹಾಸಿ ಮಲಗುವುದೂ ಅಲ್ಲೇ. ಊಟಕ್ಕೆ ಎಲ್ಲರದೂ ಒಂದೇ ಸಾಲು. ಅವ್ವ ರೊಟ್ಟಿ ಬಡಿದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು, ನೀಲಾ ಕಾಕಿ ತಂದು ನೀಡುತ್ತಿದ್ದಳು. ಕಾಕಿ ಬೀಳಗಿಯವಳು. ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ, ಮಕ್ಕಳಿನ್ನೂ ಆಗಿರಲಿಲ್ಲ. ಹಾಗಾಗಿ ಅವಳ ಪಾಲಿನ ಮಗು ನಾನೇ. ನನ್ನ ಜಡೆ ಹೆಣೆಯುತ್ತಿದ್ದವಳು ಅವಳು, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ. ಮಲಗುವಾಗ ನನ್ನ ಕಾಲು ಅವಳ ಮೇಲೆ ಬಿದ್ದಿರದಿದ್ದರೆ ಅವಳಿಗೂ ನಿದ್ದೆ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ವ್ಯಾನಿನ ಎಂಜಿನ್ ಕೂತಾಗ ನನಗೆ ಹೆದರಿಕೆಯಾದದ್ದು ಎಂಜಿನ್ ಸಲುವಾಗಿ ಅಲ್ಲ.

ಬನಹಟ್ಟಿಯಿಂದ ತುಂಬಿದ ಗಾಡಿ ಬರುವಾಗ ಜಮಖಂಡಿ ದಾಟಿದ ಮೇಲೆ ನೀರು ಕುದಿಯಿತು. ಗಂಟು ಹೊತ್ತಿಗೆ ಮುಟ್ಟಿಸಬೇಕೆಂದು ಅಪ್ಪ ಹಾಗೆಯೇ ಹೊಡೆದ. ಮುಧೋಳ ಇನ್ನೂ ದೂರವಿರುವಾಗಲೇ ಎಂಜಿನ್ನಿನೊಳಗೆ ಕಬ್ಬಿಣದ ಪರಾತ ಬಿದ್ದಂಥ ಸಪ್ಪಳವಾಗಿ ಗಾಡಿ ನಿಂತಿತು. ಕಬ್ಬಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆದು ತಂದರು. ಗಾಡಿ ಬಾಗಿಲಿಗೆ ಬರುವ ಮೊದಲೇ ಅಪ್ಪನ ದನಿ, ಅದರ ಮೇಲೆ ಜೊತೆಗೆ ಹೋಗಿದ್ದ ಕಾಕಾನ ದನಿ ಬಂತು.

"ನೀರ ನೋಡೂದು ಯಾರ ಕೆಲಸಾ? ಮುಂಜಾನೆ ಏನ್ ನೋಡಿದ್ಯೋ ನೀ?"

"ನಾ ನೋಡೀನಿ. ಮುಳ್ಳು ಕೆಂಪಿಗೆ ಹೋಗಿದ್ದು ಕಂಡ್ರೂ ಹೊಡದಾಂವ ನೀ. ನಿಲ್ಲಸು ಅಂದ್ರ ಕೇಳಿದ್ಯಾ?"

"ನಿಲ್ಲಿಸಿದ್ರ ಗಂಟು ನೀ ತಲಿಮ್ಯಾಲ ಹೊತಗೊಂಡು ಬರಾಂವ ಇದ್ಯೇನು?"

ಅಂದು ಊಟಕ್ಕೆ ಕೂತಾಗ ಮಾತು ಎಂಜಿನ್ನಿಗೆ ಬಂತು. ಲೋಕಾಪುರ ಕ್ರಾಸಿನ ಆಚೆ ಒಂದು ಶೆಡ್ಡಿನಲ್ಲಿ ಎಂಜಿನ್ ಕಟ್ಟಿ ಮಾರುತ್ತಾರೆ, ಹಳೆಯದು ಕೊಟ್ಟು ಮೇಲೊಂದಿಷ್ಟು ಹಣ ಹಾಕಿದರೆ ರೆಡಿ ಎಂಜಿನ್ ಕೊಡುತ್ತಾರೆ ಎಂದು ಕಾಕಾ ತಿಳಿದುಕೊಂಡು ಬಂದಿದ್ದ. ಗಾಡಿ ತಡವಿಲ್ಲದೆ ರಸ್ತೆಗೆ ಇಳಿಯುತ್ತದೆ, ಬನಹಟ್ಟಿಯ ಬಾಡಿಗೆ ಕೈಬಿಡುವುದಿಲ್ಲ ಎಂಬುದು ಅವನ ವಾದ. ಅಪ್ಪ ಮಾತ್ರ ತಲೆಯಾಡಿಸಲಿಲ್ಲ.

"ಅದರ ಹೊಟ್ಟಿಯೊಳಗ ಏನೈತಿ ಯಾಂವ ಬಲ್ಲ? ನಮ್ಮ ಎಂಜಿನ್ ನಮಗ ಗೊತ್ತು. ಮೌಲಾ ಮಿಸ್ತ್ರೀನ್ನ ಕರಸ್ತೀನಿ, ಮನ್ಯಾಗ ಬಿಚ್ಚತೀವಿ. ಜಮಖಂಡ್ಯಾಗ ಬೋರ ಮಾಡಸ್ತೀವಿ, ಹೊಸಾ ಪಿಸ್ಟನ್ ಹಾಕ್ತೀವಿ. ಆತು."

"ಆತು ಅಂತ ನೀ ಅಂತಿ. ಅದು ಆಗೂದರಾಗ ದೀಪಾವಳಿ ಬರತೈತಿ."

"ಬರ್ಲಿ. ನನ್ನ ಕೈಲೆ ಕಟ್ಟಿದ್ದು ನನಗ ನಂಬಿಗಿ."

"ನನ್ನ ಮಾತು ಒಂದರ ನಿನಗ ನಂಬಿಗಿ ಐತೇನು, ಹೇಳು."

ಇಷ್ಟು ವರ್ಷಗಳ ಮೇಲೆ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇಬ್ಬರ ವಾದದಲ್ಲೂ ಹುರುಳಿತ್ತು. ರೆಡಿ ಎಂಜಿನ್ನಿನಲ್ಲಿ ನೀವು ಕೊಳ್ಳುವುದು ಸಮಯವನ್ನು, ಕೊಡುವುದು ಕಣ್ಣಾರೆ ಕಂಡ ನಿಶ್ಚಿಂತೆಯನ್ನು. ಸ್ವಂತ ಕಟ್ಟಿದರೆ ಎಲ್ಲ ನಿಮ್ಮ ಕಣ್ಣ ಮುಂದೆಯೇ ಆಗುತ್ತದೆ, ಆದರೆ ಬಾಡಿಗೆಯ ಗಿರಾಕಿ ನಿಮ್ಮ ಬಾಗಿಲಲ್ಲಿ ಕಾಯುತ್ತ ಕೂಡುವುದಿಲ್ಲ. ಯಾವುದನ್ನು ಕಳೆದುಕೊಂಡರೆ ತಡೆದುಕೊಳ್ಳಬಲ್ಲಿರಿ ಎಂದು ಮೊದಲು ನೋಡಿಕೊಳ್ಳಿ. ಆದರೆ ನಮ್ಮ ಪಡಸಾಲೆಯಲ್ಲಿ ಅದನ್ನು ಯಾರೂ ನೋಡಲಿಲ್ಲ. ಅಪ್ಪ ಹಿರಿಯ, ಅವನ ಮಾತು ನಡೆಯಿತು. ಅಂಗಳದಲ್ಲಿ ಧೂಳು ಎಂದು ಎಂಜಿನ್ ಇಳಿಸಿ ಪಡಸಾಲೆಗೇ ತಂದರು.

ಮೌಲಾ ಮಿಸ್ತ್ರಿ ಒಂದೊಂದೇ ಬಿಚ್ಚಿಕೊಟ್ಟ, ಅಪ್ಪ ಸೀಮೆಎಣ್ಣೆಯಲ್ಲಿ ತೊಳೆದು ಕಂಬಳಿಯ ಮೇಲೆ ಹರವಿದ. ಪಿಸ್ಟನ್ನು, ವಾಲ್ವು, ಬೋಲ್ಟು, ಹೆಸರಿಲ್ಲದ ಎಷ್ಟೋ ಸಾಮಾನು. ಎರಡು ದಿನಕ್ಕೆ ಪಡಸಾಲೆ ತುಂಬಿತು. ಕೂಡಲು ಜಾಗವಿಲ್ಲದೆ ಊಟದ ಸಾಲು ಮುರಿಯಿತು. ಆಯಿ ಜಗಲಿಯ ಮುಂದೆ, ಅಪ್ಪ ಹೊಸ್ತಿಲ ಬಳಿ, ಕಾಕಾ ಕುರಿ ಕಟ್ಟುವಲ್ಲಿ ನಿಂತುಕೊಂಡೇ ಉಣ್ಣತೊಡಗಿದರು. ರೊಟ್ಟಿಗೆ ಸೀಮೆಎಣ್ಣೆಯ ವಾಸನೆ. ಅವ್ವ ಗೊಣಗಿದರೆ ಅಪ್ಪ ಸಿಡುಕುತ್ತಿದ್ದ, ಕಾಕಿ ಸೆರಗಿಗೆ ಹತ್ತಿದ ಮಸಿ ತೋರಿಸಿದರೆ ಕಾಕಾ ಅದನ್ನೇ ಹಿಡಿದು ಅಪ್ಪನಿಗೆ ಕೇಳುವಂತೆ ಮಾತಾಡುತ್ತಿದ್ದ. ಅಷ್ಟರಲ್ಲಿ ಬನಹಟ್ಟಿಯ ಗಂಟುಗಳನ್ನು ಬೇರೊಬ್ಬನ ಗಾಡಿಗೆ ಹಾಕಿದ ಸುದ್ದಿ ಬಂತು. ಸದ್ಯಕ್ಕೆ ಮಾತ್ರ ಎಂದಿದ್ದರು. ಆದರೂ ಕಾಕಾ ಅಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಅವನು ಮಾತೇ ಬಿಟ್ಟ. ಅಪ್ಪನೂ ಬಿಟ್ಟ. ಒಂದೇ ಮನೆಯಲ್ಲಿ, ಕೈಗೆಟಕುವಷ್ಟು ಹತ್ತಿರ ನಿಂತುಕೊಂಡು, ನನ್ನ ಬಾಯಿಂದ ಮಾತಾಡತೊಡಗಿದರು.

"ಕಸ್ತೂರೀ, ನಿಮ್ಮ ಕಾಕಾಗ ಹೇಳು, ಹತ್ತು-ಹನ್ನೆರಡರ ಪಾನಾ ಎಲ್ಲಿಟ್ಟಾನಂತ."

ಪಾನಾ ಎಂದರೆ ಬೋಲ್ಟು ಬಿಚ್ಚುವ ಸ್ಪ್ಯಾನರು. ಕಾಕಾ ಅಲ್ಲೇ ಇರುತ್ತಿದ್ದ. "ಕಸ್ತೂರೀ, ನಿಮ್ಮಪ್ಪಗ ಹೇಳು, ಕಿಟಕ್ಯಾಗ ಐತಿ ಅಂತ."

ಮೊದಮೊದಲು ನನಗೆ ಅದು ಆಟದಂತಿತ್ತು, ದೊಡ್ಡ ಮನುಷ್ಯಳಾದ ಹಾಗೆ. ಒಂದು ಮುಂಜಾನೆ ಕಾಕಾ ಹೇಳಿದ ಮಾತು ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.

"ನಿಮ್ಮಪ್ಪಗ ಹೇಳು, ನಾವು ಬ್ಯಾರೆ ಆಗ್ತೀವಿ. ನಮ್ಮ ಮಾವ ಬೀಳಗ್ಯಾಗ ಅಂಗಡಿ ನಡಸ್ಯಾನ, ಬಾ ಬಾ ಅಂತ ಕರ್ಯಾಕತ್ತಾನ. ಗಾಡಿ ಮಾರಿ ನಮ್ಮ ಪಾಲು ಕೊಡಾಕ ಹೇಳು. ಹುಣ್ಣಿವಿ ಕಳದ ಮರುದಿನ ಮಾವ ಗಾಡಿ ತಗೊಂಡ ಬರ್ತಾನ, ಸಾಮಾನ ಒಯ್ಯಾಕ."

ಅಪ್ಪ ವಾಲ್ವು ಉಜ್ಜುತ್ತಿದ್ದವನು ತಲೆಯೆತ್ತಲಿಲ್ಲ.

"ಹೇಳು ನಿಮ್ಮ ಕಾಕಾಗ, ಹೋಗವ್ರನ್ನ ಯಾರೂ ಹಿಡದಿಲ್ಲ."

ಒಳಗೆ ಕಾಕಿ ಜೋಳ ಹಸನು ಮಾಡುತ್ತಿದ್ದಳು. ಮೊರದಲ್ಲಿ ಕೇರುವ ಸಪ್ಪಳ ನಿಂತಿತು. ನಾನು ಹೋಗಿ ಅವಳ ಬೆನ್ನಿಗೆ ಆತುಕೊಂಡು ಕೂತೆ. ಬೀಳಗಿ ಅಂಥ ದೂರವೇನಲ್ಲ, ಬಸ್ಸಿಗೆ ಕೂತರೆ ಮುಟ್ಟುವ ಊರು. ಆದರೆ ಬಸ್ಸಿನಲ್ಲಿ ಹೋಗಿ ನೋಡಿಬರುವ ಕಾಕಿ ಬೇರೆ, ಮಗ್ಗುಲಲ್ಲಿ ಮಲಗುವ ಕಾಕಿ ಬೇರೆ ಎಂಬುದು ತಿಳಿಯುವಷ್ಟು ವಯಸ್ಸು ನನಗಾಗಿತ್ತು. ಆಯಿ ಎದ್ದು ಜಗಲಿಯ ದೀಪದ ಬತ್ತಿ ಸರಿಮಾಡಿ ಮತ್ತೆ ಬಂದು ಕೂತಳು, ಅಷ್ಟೇ.

ಅಮಾವಾಸ್ಯೆ ಬಂತು. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಕಬ್ಬಿಣಕ್ಕೆಲ್ಲ ಭಂಡಾರ ಹಾಕುವ ಪದ್ಧತಿ. ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಈಳಿಗೆ, ಕೊನೆಗೆ ವ್ಯಾನಿನ ಮುಂಬದಿ. ಇಟ್ಟು ಕೈಮುಗಿಯುವ ದೇವರಲ್ಲ ನಮ್ಮದು. ಭಂಡಾರವನ್ನು ಬೊಗಸೆಯಲ್ಲಿ ತೆಗೆದು ತೂರಬೇಕು, ಕೂದಲು ಹುಬ್ಬೆಲ್ಲ ಹಳದಿಯಾಗಬೇಕು. ಆ ವರ್ಷ ಎಂಜಿನ್ ವ್ಯಾನಿನಲ್ಲಿರಲಿಲ್ಲ, ಪಡಸಾಲೆಯಲ್ಲಿತ್ತು. ಬ್ಲಾಕನ್ನು, ಅಂದರೆ ಪಿಸ್ಟನ್ ಓಡಾಡುವ ತೂತುಗಳಿರುವ ಆ ದೊಡ್ಡ ಎರಕದ ಮೈಯನ್ನು, ಅಪ್ಪ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಬಟ್ಟೆಯಿಂದ ಒಣಗುವಂತೆ ಒರೆಸಿಟ್ಟಿದ್ದ. ಮರುದಿನ ಬೋರ್ ಮಾಡಿಸಲು, ಅಂದರೆ ಸವೆದ ತೂತುಗಳನ್ನು ಮಷೀನಿನಲ್ಲಿ ಕೊರೆದು ಸಮ ಮಾಡಿಸಲು, ಜಮಖಂಡಿಗೆ ಒಯ್ಯುವುದಿತ್ತು. ಆಯಿ ಒಳಗಿನಿಂದ ಬಂದವಳೇ ಬೀರಪ್ಪನ ಹೆಸರು ಕೂಗಿ ಬೊಗಸೆ ತುಂಬ ಭಂಡಾರ ತೂರಿದಳು. ಬ್ಲಾಕಿನ ಮೇಲೆ, ತೂತುಗಳೊಳಗೆ, ಎಣ್ಣೆ ಹರಿಯುವ ಸಣ್ಣ ಸಣ್ಣ ದಾರಿಗಳೊಳಗೆ, ಎಲ್ಲಿ ನೋಡಿದಲ್ಲಿ ಹಳದಿ.

"ಅಯ್ಯಯ್ಯೋ ಆಯೀ!" ಎಂದು ಮೌಲಾ ಮಿಸ್ತ್ರಿ ಎದ್ದುನಿಂತ. "ತೊಳದು ಕೈಯಾಗಿನ ತೊಗಲ ಹೋಗೈತ್ರಿ! ಇನ್ನ ಇದನ್ನ ತಗ್ಯಾವ್ರ ಯಾರ್ರಿ?"

"ತಗ್ಯೂದಲ್ಲ ಅದು. ನಾಳಿ ಮುಂಜಾನಿ ತನಕಾ ಯಾರೂ ಮುಟ್ಟಬಾರದು."

ಅಪ್ಪನ ಮುಖ ಕೆಂಪಾಯಿತು. ಆದರೆ ಭಂಡಾರಕ್ಕೆ ಎದುರಾಡುವಂತಿಲ್ಲ. ಕುರಿ ಕಟ್ಟುವಲ್ಲಿ ನಿಂತ ಕಾಕಾ ಗೋಡೆಯ ಕಡೆ ತಿರುಗಿದ. ಅವನ ಹೆಗಲುಗಳು ಅಲುಗುತ್ತಿದ್ದವು. ನಗುತ್ತಿದ್ದ.

ಮರುದಿನ ಮುಂಜಾನೆ ಅಪ್ಪ ಬ್ಲಾಕು ಒರೆಸಲು ಕೂತ. ಕೂತವನು ಬಟ್ಟೆ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡ. ಹಳದಿಯ ಮೇಲೆ, ಎರಡು ತೂತುಗಳ ನಡುವೆ, ಒಂದು ಕಂದು ಗೆರೆ ಎದ್ದಿತ್ತು. ಕೂದಲೆಳೆಯಷ್ಟು ಸಪೂರ, ಆದರೆ ಒದ್ದೆಯಾಗಿ, ಸೊಟ್ಟಂಬಟ್ಟ ಹರಿದಿತ್ತು. ಮಿಸ್ತ್ರಿ ಬಂದು ನೋಡಿದ, ಬಗ್ಗಿ ಉಗುರಿನಿಂದ ಗೀರಿದ, ತೊಡೆ ಒರೆಸಿಕೊಂಡು ಕೂತುಬಿಟ್ಟ. ಬ್ಲಾಕು ಸೀಳಿತ್ತು. ಕಾದಾಗ ಬಿಟ್ಟ ಸೀಳು. ಅದರೊಳಗೆ ಇಳಿದಿದ್ದ ಸೀಮೆಎಣ್ಣೆ ರಾತ್ರಿಯೆಲ್ಲ ಜಿನುಗಿ ಭಂಡಾರವನ್ನು ತೋಯಿಸಿತ್ತು. ಬರಿಗಣ್ಣಿಗೆ ಎಂದೂ ಕಾಣುತ್ತಿರಲಿಲ್ಲ. ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಕಟ್ಟಿ ಏರಿಸಿದ ಮೇಲೆ ಮತ್ತೆ ನೀರು ಕುದಿದು ರಸ್ತೆಯ ಮೇಲೆ ನಿಲ್ಲುತ್ತಿದ್ದೆವು. ಆಯಿ ದೇವರೇ ತೋರಿಸಿದ ಎಂದಳು. ನಾನು ದೇವರ ಜೊತೆ ಸೀಮೆಎಣ್ಣೆಗೂ ಅರ್ಧ ಪಾಲು ಕೊಡುತ್ತೇನೆ. ಹಳೆಯ ಎರಕದ ಯಂತ್ರ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ: ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಒಣ ಪುಡಿ ಉದುರಿಸಿ ಕಾಯಬೇಕು. ಸೀಮೆಸುಣ್ಣದ ಪುಡಿಯೂ ನಡೆಯುತ್ತದೆ.

ಅಪ್ಪ ಅಂದು ಮಾತಾಡಿದ ಒಂದೇ ಮಾತು, "ಗಾಡಿ ಮಾರಿಬಿಡೂಣು. ಅವನ ಪಾಲು ಅವಗ ಕೊಟ್ಟಬಿಡೂಣು." ನನ್ನನ್ನು ನಡುವೆ ಇಟ್ಟುಕೊಳ್ಳಲಿಲ್ಲ, ಗೋಡೆಗೆ ಹೇಳಿದ. ಕಾಕಾ ಗೆದ್ದಿದ್ದ. ಆದರೆ ಗೆದ್ದವನ ಮುಖ ಅವನದಾಗಿರಲಿಲ್ಲ.

ಎದ್ದವಳು ಅವ್ವ. ಅವ್ವ ಹೆಚ್ಚು ಮಾತಿನವಳಲ್ಲ. ಆದರೆ ಸಂತೆಯಲ್ಲಿ ಅವಳ ಕೂಡ ಬದನೆಕಾಯಿ ಕೊಳ್ಳಲು ಹೋದವರು ಅವಳು ಸುಮ್ಮನಿದ್ದೇ ಹೇಗೆ ಬೆಲೆ ಇಳಿಸುತ್ತಾಳೆಂದು ನೋಡಿದ್ದಾರೆ. ಅವಳು ಬ್ಲಾಕಿನ ಮೇಲಿನ ಗೆರೆಯನ್ನು ಬಹಳ ಹೊತ್ತು ನೋಡಿ ಕಾಕಾನ ಕಡೆ ತಿರುಗಿದಳು.

"ಸಿದ್ದಪ್ಪಾ, ಆ ಲೋಕಾಪುರದ ಎಂಜಿನ್ ಇನ್ನೂ ಐತೇನು?"

"ಇರಬೇಕು ವೈನಿ. ಯಾಕ?"

"ನಾಳಿ ಹೋಗೂಣು. ಎಲ್ಲಾರೂ. ಅತ್ತಿಯವರೂ ಬರ್ಲಿ, ಭಂಡಾರದ ಚೀಲ ತಗೊಂಡು."

ಮರುದಿನ ಬಸ್ಸು ಹಿಡಿದು ಹೋದೆವು. ಆಯಿಗೆ ಕೈಹಿಡಿಯಲು ನಾನು. ಕುರಿ ನೋಡಿಕೊಳ್ಳಲು ಕಾಕಿ ಮನೆಯಲ್ಲಿ ಉಳಿದಳು. ಅಪ್ಪ ಬಂದನಾದರೂ ಅಂಗಡಿಯೊಳಗೆ ಕಾಲಿಡದೆ ಎದುರಿನ ಚಹಾದ ಅಂಗಡಿಯ ಬಳಿ ರಸ್ತೆ ನೋಡುತ್ತ ನಿಂತ. ತಗಡಿನ ಶೆಡ್ಡಿನಲ್ಲಿ ಎಂಜಿನ್ನುಗಳು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು, ಎಲ್ಲಕ್ಕೂ ಬೆಳ್ಳಿಯ ಬಣ್ಣ. ಕಾಕಾ ಹೇಳಿದ್ದು ಎಲ್ಲಕ್ಕಿಂತ ಹೊಳೆಯುತ್ತಿತ್ತು.

"ಏನ್ ನೋಡ್ತೀರಿ ಯವ್ವಾ," ಎಂದ ಅಂಗಡಿಯವನು, "ಹೊಸಾ ಮದಮಗಳ ಇದ್ದಂಗ ಐತಿ."

"ಅದಕ್ಕರೀ. ಸೆರಗು ಸರಿಸಿ ಮಾರಿ ನೋಡೂಣಂತ ಬಂದೇವಿ," ಎಂದಳು ಅವ್ವ. "ಮ್ಯಾಲಿನ ಹೆಡ್ ಬಿಚ್ಚರಿ. ನಮ್ಮತ್ತಿಯವ್ರು ಭಂಡಾರ ಹಾಕ್ತಾರ."

"ಭಂಡಾರ ಮ್ಯಾಲೇ ಹಾಕ್ರೆಲಾ! ಬಿಚ್ಚೂದ್ಯಾಕ?"

ಆಯಿ ಕೋಲೂರಿ ಮುಂದೆ ಬಂದಳು. "ಮ್ಯಾಲೆಲ್ಲಾ ನೀ ಬಣ್ಣಾ ಹಚ್ಚೀಯಪಾ, ಅಲ್ಲಿ ದೇವರಿಗೆ ಜಾಗಾ ಎಲ್ಲೈತಿ? ಅಂವ ಹೊಟ್ಟಿಯೊಳಗ ಹೋಗಬೇಕು. ಇಲ್ಲಾಂದ್ರ ನಮ್ಮನಿ ಹೊಸ್ತಲಾ ದಾಟೂದಿಲ್ಲ ಇದು."

"ಬಿಚ್ಚಿದ್ರ ಗ್ಯಾಸ್ಕೆಟ್ ಹಾಳಾಕ್ಕೈತ್ರಿ. ಗ್ಯಾರಂಟಿನೂ ಹೋಗತೈತಿ."

"ಗ್ಯಾಸ್ಕೆಟ್ ನಾವ್ ಕೊಡಸ್ತೀವಿ," ಎಂದಳು ಅವ್ವ. "ಗ್ಯಾರಂಟಿ ಯಾವುದ್ರಿ ಅದು? ಕಾಗದ ಐತೇನು?"

"ಬಾಯಿಮಾತಿಂದ್ರಿ. ನಮ್ಮ ಮಾತ ಅಂದ್ರ ಮಾತ."

"ಹಂಗಾರ ಹೆಡ್ ಬಿಚ್ಚಿದ್ರ ಅದೆಲ್ಲಿ ಹೋಗತೈತ್ರಿ? ಬಾಯಿ ನಿಮ್ಮ ಕಡೇನ ಇರತೈತೆಲಾ."

ಚಹಾ ಕುಡಿಯುತ್ತಿದ್ದ ಡ್ರೈವರುಗಳು ಎದ್ದು ಬಂದು ನಿಂತಿದ್ದರು. ಅವರಲ್ಲೊಬ್ಬ ನಗುತ್ತ, "ಬಿಚ್ಚರಿ ಸಾವಕಾರ, ದೇವರ ಕೆಲಸಕ್ಕ ಒಲ್ಲೆ ಅನಬ್ಯಾಡ್ರಿ" ಎಂದ. ಅಷ್ಟು ಮಂದಿಯ ಎದುರು ಮುದುಕಿಯ ದೇವರನ್ನು ಹೊರಗೆ ನಿಲ್ಲಿಸುವುದು ಯಾವ ವ್ಯಾಪಾರಿಗೂ ಕಷ್ಟ. ಗೊಣಗುತ್ತ ಬಿಚ್ಚಿಸಿದ. ಅವ್ವ ಸೀಮೆಎಣ್ಣೆ ಕೇಳಿ ಪಡೆದು ತಾನೇ ಸವರಿದಳು, ಒರೆಸಿದಳು. ಆಯಿ ತೂರಿದಳು. ಚಹಾ ತರಿಸಿ ಕುಡಿದೆವು, ಆಯಿ ತನ್ನ ಮೊಣಕಾಲು ನೋವಿನ ಕತೆ ಹೇಳಿದಳು, ಅದು ಸಣ್ಣ ಕತೆಯಲ್ಲ. ಕತೆ ಮುಗಿದ ಮೇಲೂ ಹಳದಿಯ ಮೇಲೆ ಒಂದು ಗೆರೆಯೂ ಏಳಲಿಲ್ಲ. ಬ್ಲಾಕು ಗಟ್ಟಿ.

"ನೋಡಿದ್ರೆಲಾ!" ಎಂದು ಅಂಗಡಿಯವನು ಅಂಗೈ ಉಜ್ಜಿಕೊಂಡ. ಕಾಕಾ ಬಹಳ ದಿನಗಳ ಮೇಲೆ ನಕ್ಕ. ಇನ್ನೇನು, ಹಣ ಕೊಟ್ಟು ಎತ್ತುವುದಷ್ಟೇ ಉಳಿದಿತ್ತು. ಅವನು ಬಗ್ಗಿ ತೂತಿನೊಳಗಿನ ಭಂಡಾರವನ್ನು ಬೆರಳಿನಿಂದ ಬಳಿಯತೊಡಗಿದ. ನಾನು ಪಕ್ಕದಲ್ಲೇ ಇದ್ದೆ. ಬೆರಳು ತೂತಿನ ಮೇಲಂಚಿಗೆ ಬಂದು ಎಡವಿತು. ಮತ್ತೆ ಕೆಳಗಿಳಿಸಿ ಮೇಲೆ ತಂದ. ಪಕ್ಕದ ತೂತಿಗೂ ಹಾಕಿ ನೋಡಿದ. ಅವನ ಮುಖದ ನಗು ಇಳಿಯಿತು. ಅವನು ಅವ್ವನ ಕಡೆ ನೋಡಿದ, ಅಂಗಡಿಯವನ ಕಡೆ ನೋಡಿದ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವನ ಮಾತೇ ನಿಜವಾಗಿ ಉಳಿಯುತ್ತಿತ್ತು.

"ಅಣ್ಣಾ," ಎಂದು ಕರೆದ.

ಚಹಾದ ಅಂಗಡಿಯ ಬಳಿ ಅಪ್ಪ ತಿರುಗಲಿಲ್ಲ. ಯಾರೋ ಯಾರನ್ನೋ ಕರೆದರು ಅಂದುಕೊಂಡಿರಬೇಕು.

"ಅಣ್ಣಾ, ನಿನ್ನ ಕರ್ಯಾಕತ್ತೇನಿ. ಬಾ ಇಲ್ಲಿ. ಕೈ ಹಾಕಿ ನೋಡು."

ಅಪ್ಪ ರಸ್ತೆ ದಾಟಿ ಬಂದ. ಬೆರಳಿಟ್ಟ. ಇಬ್ಬರ ತಲೆಗಳೂ ಆ ಎಂಜಿನ್ನಿನ ಮೇಲೆ ಬಗ್ಗಿ ಒಂದಕ್ಕೊಂದು ತಾಗುವಂತಿದ್ದವು.

"ಮೆಟ್ಟ ಐತಿ," ಎಂದ ಅಪ್ಪ.

"ಹೂಂ. ಬೋರೇ ಮಾಡಿಲ್ಲ. ಬರೇ ಬಣ್ಣಾ ಹಚ್ಚ್ಯಾನ ಮಗಾ."

ಪಿಸ್ಟನ್ನು ವರ್ಷಗಟ್ಟಲೆ ಓಡಾಡಿ ತೂತಿನ ಗೋಡೆ ಸವೆದಿರುತ್ತದೆ, ಅದು ಮುಟ್ಟದ ಮೇಲಂಚು ಮಾತ್ರ ಸವೆಯದೆ ಸಣ್ಣ ಮೆಟ್ಟಿಲಿನಂತೆ ಉಳಿದಿರುತ್ತದೆ. ಬೋರ್ ಮಾಡಿಸಿದರೆ ಆ ಮೆಟ್ಟಿಲು ಹೋಗಬೇಕು. ಹೋಗಿರಲಿಲ್ಲ. ಯಾರದೋ ದಣಿದ ಎಂಜಿನ್ನನ್ನು ತೊಳೆದು, ಬಣ್ಣ ಬಳಿದು, ರೆಡಿ ಎಂದು ಕೂಡಿಸಿದ್ದರು. ಎಲ್ಲ ಅಂಗಡಿಯವರೂ ಹೀಗೆ ಎನ್ನುವುದಿಲ್ಲ. ಪ್ರಾಮಾಣಿಕವಾಗಿ ಕಟ್ಟಿ ಕೊಡುವವರ ಕೂಡ ಮುಂದೆ ನಾನೇ ವ್ಯವಹಾರ ಮಾಡಿದ್ದೇನೆ. ಆದರೆ ಬಣ್ಣ ಹೊಳೆದಷ್ಟೂ ಬೆರಳು ಒಳಗೆ ಹೋಗಬೇಕು.

ಕಾಕಾ ಅಂಗಡಿಯವನ ಮೇಲೆ ಏರಿಹೋಗುವವನಿದ್ದ. ಅವ್ವ ಸೆರಗಿನ ತುದಿಯಿಂದಲೇ ತಡೆದಳು. ಆ ಹೊತ್ತಿಗೆ ಅವಳು ಮಾಡಿದ್ದೇ ನನ್ನ ಇಡೀ ಜೀವನದ ವ್ಯಾಪಾರವಾಯಿತು. ತಪ್ಪು ಸಿಕ್ಕ ಕೂಡಲೇ ನಾವು ಸಿಟ್ಟಾಗಿ ಎದ್ದು ಬರುತ್ತೇವೆ, ಅಂಗಡಿಯವನು ಪೀಡೆ ಹೋಯಿತೆಂದು ಮುಂದಿನ ಗಿರಾಕಿಗೆ ಕಾಯುತ್ತಾನೆ. ಬೆಲೆ ಕೇಳಬೇಕಾದದ್ದು ಆಗ. ಅವ್ವ ಮೋಸ ಎಂಬ ಮಾತನ್ನೇ ಆಡಲಿಲ್ಲ.

"ಇದು ರೆಡಿ ಎಂಜಿನ್ ಅಲ್ರಿ, ಹಳೇ ಎಂಜಿನ್. ಬ್ಲಾಕ್ ಚಲೋ ಐತಿ, ನಮಗ ಬ್ಲಾಕೇ ಬೇಕಾಗೈತಿ. ಹಳೇದರ ರೇಟ್ ಹೇಳ್ರಿ. ನಮ್ಮದು ಸೀಳೇತಿ, ಮುಚ್ಚಿಡೂದಿಲ್ಲ, ಗುಜರಿ ಲೆಕ್ಕಕ್ಕ ಹಿಡೀರಿ. ಎಂಜಿನ್ ನಂಬರ ಬರದು ಬಿಲ್ ಕೊಡ್ರಿ, ಗಾಡಿ ಪುಸ್ತಕದಾಗ ಏರಸ್ಬೇಕು."

ಅಂಗಡಿಯವನು ಸುತ್ತ ನಿಂತ ಡ್ರೈವರುಗಳನ್ನು ನೋಡಿದ. ಒಂದಿಷ್ಟು ಎಳೆದಾಡಿದ, ಅವ್ವ ಸುಮ್ಮನೆ ನಿಂತಳು, ಮತ್ತೊಂದಿಷ್ಟು ಇಳಿದ. ಬೆಲೆ ಕುದುರಿತು. ಬಿಲ್ಲಿನ ಮಾತು ಸಣ್ಣದೆಂದು ಬಿಡಬೇಡಿ. ಬ್ಲಾಕು ಬದಲಾದರೆ ಎಂಜಿನ್ ನಂಬರೂ ಬದಲಾಗುತ್ತದೆ, ಬಿಲ್ಲಿಲ್ಲದ ಎಂಜಿನ್ ಯಾವ ಗಾಡಿಯಿಂದ ಬಂತೆಂದು ದಾರಿಯಲ್ಲಿ ತಡೆದು ಕೇಳಿದರೆ ಹೇಳಲು ನಮ್ಮ ಬಳಿ ಏನೂ ಇರುವುದಿಲ್ಲ.

ಬಾಡಿಗೆಯ ಟೆಂಪೋದಲ್ಲಿ ಎಂಜಿನ್ ಹೇರಿಕೊಂಡು ಬಂದೆವು. ಅವ್ವ, ಆಯಿ, ನಾನು ಮುಂದೆ. ಅಪ್ಪ, ಕಾಕಾ ಹಿಂದೆ ಎಂಜಿನ್ನಿನ ಎರಡೂ ಬದಿಗೆ. ಹಿಂದಿನಿಂದ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ನಮ್ಮ ಕ್ರ್ಯಾಂಕ್ ಇದಕ್ಕೆ ಹಾಕೋಣ, ಇದರದಕ್ಕಿಂತ ನಮ್ಮದು ಚಲೋ ಇದೆ. ಬೋರು ಜಮಖಂಡಿಯಲ್ಲೇ ಆಗಲಿ. ಪಿಸ್ಟನ್ ನಾನು ತರುತ್ತೇನೆ. ಅಪ್ಪನ ಮಾತಿನಂತೆ ಕಟ್ಟುವುದೂ ಆಯಿತು, ಕಾಕಾನ ಮಾತಿನಂತೆ ಕೊಳ್ಳುವುದೂ ಆಯಿತು. ಅದಕ್ಕಿಂತ ದೊಡ್ಡದೆಂದರೆ, ಇಬ್ಬರೂ ಸೋತಿದ್ದರು. ಅಪ್ಪನ ಎಂಜಿನ್ ಸೀಳಿತ್ತು, ಕಾಕಾನ ಎಂಜಿನ್ ಬರೀ ಬಣ್ಣವಾಗಿತ್ತು. ಒಬ್ಬರೇ ಸೋತಿದ್ದರೆ ನಮ್ಮ ಮನೆಯ ನಡುವೆ ಗೋಡೆ ಏಳುತ್ತಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಪಾಲುದಾರಿಕೆಯಲ್ಲಿ ವ್ಯವಹಾರ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಪೂರ್ತಿ ಗೆಲ್ಲಲು ಹೋಗಬೇಡಿ.

ಈ ಸಲ ಎಂಜಿನ್ ಒಳಗೆ ಬರಲಿಲ್ಲ. ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತು ಅಂಗಳದ ಬೇವಿನ ಗಿಡ ತೋರಿಸಿದಳು. ಧೂಳಿಗೆ ತಾಡಪತ್ರಿ ಕಟ್ಟಿಕೊಂಡರು. ಜಮಖಂಡಿಯಿಂದ ಬೋರಾಗಿ ಬಂದ ಬ್ಲಾಕಿನಲ್ಲಿ ಮೌಲಾ ಮಿಸ್ತ್ರಿ, ಅಪ್ಪ, ಕಾಕಾ ಮೂವರೂ ಕೂಡಿ ಒಂದೊಂದೇ ಕೂಡಿಸಿದರು. ಪಡಸಾಲೆಯನ್ನು ಕಾಕಿ ಸಗಣಿಯಿಂದ ಸಾರಿಸಿದಳು. ಆದರೂ ಅವಳು ತನ್ನ ಟ್ರಂಕನ್ನು ಕಟ್ಟಿಟ್ಟವಳು ಬಿಚ್ಚಿರಲಿಲ್ಲ. ಗಂಡ ಏನೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ನಾನು ದಿನಾ ಆ ಟ್ರಂಕಿನ ಚಿಲಕ ನೋಡಿ ಬರುತ್ತಿದ್ದೆ.

ಎಂಜಿನ್ ವ್ಯಾನಿಗೆ ಏರಿತು, ಹೊಗೆ ಉಗುಳದೆ ಓಡಿತು. ಅದರ ಗದ್ದಲದಲ್ಲಿ ಹುಣ್ಣಿಮೆ ಕಳೆದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ, ಕಾಕಿಯ ಅಪ್ಪನಿಗೆ ಬರಬೇಡವೆಂದು ಹೇಳಿಕಳಿಸುವುದನ್ನೂ ಮರೆತಿದ್ದೆವು. ಮರುದಿನ ಬಿಸಿಲೇರುವ ಹೊತ್ತಿಗೆ ಬೀಳಗಿಯಿಂದ ಅವರ ಮೂರು ಗಾಲಿಯ ಟಂಟಂ ಬಂದು ನಿಂತಿತು. ಹಗ್ಗ, ಖಾಲಿ ಗೋಣಿಚೀಲ ಎಲ್ಲ ತಂದಿದ್ದರು. ಅಂಗಳದಲ್ಲಿ ವ್ಯಾನಿನ ಕೆಳಗೆ ಅಪ್ಪನೂ ಕಾಕಾನೂ ಅಂಗಾತ ಮಲಗಿದ್ದರು. ಇಬ್ಬರ ಕಾಲಷ್ಟೇ ಕಾಣುತ್ತಿತ್ತು, ದನಿ ಮಾತ್ರ ರಸ್ತೆಯವರೆಗೆ.

"ಇಷ್ಟ ಬಿಗೀತಾರೇನೋ ಬೋಲ್ಟು? ಮುರಿದಿ ಅಂದ್ರ ನಿನ್ನ ಮಾವ ಕೊಡಸ್ತಾನೇನು?"

"ಏ, ನೀ ಸುಮ್ನ ಪಾನಾ ಹಿಡಿ. ಸಡ್ಲ ಬಿಟ್ಟು ಬಿಟ್ಟೇ ಈ ಗತಿ ಬಂದಿದ್ದು."

"ಯಾಂವ್ಲೇ ಸಡ್ಲ ಬಿಟ್ಟಾಂವ?"

ಬೀಳಗಿಯ ಅಜ್ಜ ಗೋಣಿಚೀಲ ಹಿಡಿದು ಮಗಳ ಮುಖ ನೋಡಿದರು. ಕಾಕಿ ಬಾಗಿಲಿಗೆ ಬಂದು ನಿಂತಿದ್ದಳು, ನಾನು ಅವಳ ಸೆರಗು ಹಿಡಿದಿದ್ದೆ.

"ಸಾಮಾನ ಕಟ್ಟಿದ್ಯಾ ಇಲ್ಲ ನೀಲಾ? ಲಗೂನ ಹೋಗೂಣು ನಡಿ ಮಗಳ. ಇನ್ನೂ ಹೆಂಗ ಜಗಳಾಡಾಕತ್ತಾರ ನೋಡು."

ಕಾಕಿ ವ್ಯಾನಿನ ಕೆಳಗಿನ ನಾಲ್ಕು ಕಾಲುಗಳನ್ನು ನೋಡಿದಳು. ಅವಳ ಮುಖ ಅಗಲವಾಯಿತು.

"ಜಗಳ ಅಲ್ಲಪಾ ಅದು. ಮಾತಾಡಾಕತ್ತಾರ," ಎಂದಳು. "ಚೀಲ ಅಲ್ಲೇ ಇಡು. ಕೈಕಾಲ ತೊಳ್ಕೊ, ಊಟಕ್ಕ ಕುಂಡ್ರು."